ಬುಗುರಿಗೆ ಕಾಣದ ಹಳದಿ

ಬುಗುರಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ಆರಿಸಿ ಆರಿಸಿ ಇಟ್ಟ ಹೆಸರೊಂದು ಕಾಗದಪತ್ರಗಳಲ್ಲಿ ಭದ್ರವಾಗಿದೆ. ಬೀದಿಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ಪಾಪ, ಅವನೂ ಎಲ್ಲರ ಜೊತೆ ತಿರುಗಿ ಯಾರನ್ನು ಕರೆಯುತ್ತಿದ್ದಾರೆ ಎಂದು ನೋಡುತ್ತಾನೆ. ಬುಗುರಿ ಎಂದು ನಾಮಕರಣ ಮಾಡಿದವನು ಮೂಲೆಯಂಗಡಿಯ ಕ್ಷೌರದವನು. "ಕುರ್ಚಿ ತಿರುಗೋದು ನೋಡಿದ್ದೀನಿ ಕಣಯ್ಯಾ, ಕೂತವನೇ ತಿರುಗೋದು ಇವತ್ತೇ ನೋಡಿದ್ದು" ಎಂದು ಅವತ್ತು ಕಿವಿಗೆ ಹತ್ತಿ ಒತ್ತುತ್ತಾ ಹೇಳಿದ. ಕಿವಿಯ ಗಾಯ ವಾಸಿಯಾಯಿತು, ಹೆಸರು ಹಾಗೇ ಉಳಿಯಿತು.

ವಯಸ್ಸು ಐವತ್ತೆರಡು. ಈ ವಯಸ್ಸಿಗೆ ನಮ್ಮ ನಿಮ್ಮಂಥವರು ಕೂತಲ್ಲಿಂದ ಏಳಲು ನೆಪ ಹುಡುಕುವುದಿಲ್ಲ, ಏಳದಿರಲು ಹುಡುಕುತ್ತೇವೆ. ಬುಗುರಿ ಹಾಗಲ್ಲ. ಹಲ್ಲುಜ್ಜುವಾಗ ಮನೆಯ ಮೂರೂ ಕೋಣೆ ಸುತ್ತುತ್ತಾನೆ. ಊಟ ನಿಂತುಕೊಂಡೇ. ಟೀವಿಯನ್ನು ಬಾಗಿಲಿಗೆ ಒರಗಿ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ನೋಡುತ್ತಾನೆ. "ನಿಮ್ಮ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದೆ ಅಂತ ಹೇಳಬಾರದು ರೀ, ಇಪ್ಪತ್ತಾರು ವರ್ಷ ನಿಮ್ಮ ಹಿಂದೆ ನಡೆದೆ ಅನ್ನಬೇಕು" ಎಂದು ಹೆಂಡತಿ ಹೇಳುವುದುಂಟು. ಅದನ್ನೂ ಅವನು ಪೂರ್ತಿ ಕೇಳಿಸಿಕೊಂಡಿಲ್ಲ. ಅಷ್ಟರಲ್ಲಿ ಹಿತ್ತಲಿಗೆ ಹೋಗಿರುತ್ತಾನೆ.

ಇಂಥವನಿಗೆ ದೇವರು ಕೊಟ್ಟ ಕಸುಬು ನೋಡಿ: ಇಂಕ್‌ಜೆಟ್ ಪ್ರಿಂಟರ್ ರಿಪೇರಿ. ಲೋಕದಲ್ಲಿ ತಾಳ್ಮೆ ಬೇಡುವ ಯಂತ್ರ ಇದಕ್ಕಿಂತ ಇನ್ನೊಂದಿಲ್ಲ. ಒಳಗಿರುವ ಹೆಡ್ಡಿನಲ್ಲಿ ಕೂದಲಿಗಿಂತ ಸಣ್ಣ ತೂತುಗಳು, ಆ ತೂತುಗಳಲ್ಲಿ ಮಸಿ. ಒಣಗಿದರೆ ನೆನೆಸಿ ಕಾಯಬೇಕು, ಗಾಳಿ ಹೊಕ್ಕರೆ ಇಳಿಯುವವರೆಗೆ ಕಾಯಬೇಕು. ಕಾಯದೆ ಮತ್ತೆ ಮತ್ತೆ ಗುಂಡಿ ಒತ್ತಿದರೆ ಮಸಿಯೆಲ್ಲ ಹೊಟ್ಟೆಯ ಕೆಳಗಿನ ಸ್ಪಂಜಿಗೆ ಹೋಗಿ, ಯಂತ್ರ ಕೊನೆಗೆ ಕೆಂಪು ದೀಪ ಹಚ್ಚಿ ಮುನಿಸಿಕೊಂಡು ಕೂರುತ್ತದೆ.

ಆದರೂ ಊರ ತುಂಬ ಅವನಿಗೆ ಹೆಸರಿತ್ತು, ಕಣ್ಣಿನಿಂದಾಗಿ. ಪರೀಕ್ಷೆ ಹಾಳೆ ಅಂತ ಒಂದಿದೆ. ಯಂತ್ರ ತನ್ನ ಒಂದೊಂದು ತೂತಿನಿಂದಲೂ ಒಂದೊಂದು ಚಿಕ್ಕ ಗೆರೆ ಎಳೆದು, ನಾಲ್ಕು ಬಣ್ಣದಲ್ಲಿ ನಾಲ್ಕು ಮೆಟ್ಟಿಲ ಸಾಲು ಮಾಡಿ ತೋರಿಸುತ್ತದೆ. ಎಲ್ಲಿ ಮೆಟ್ಟಿಲು ಮುರಿದಿದೆಯೋ ಅಲ್ಲಿ ರೋಗ. ಬುಗುರಿ ಆ ಹಾಳೆಯನ್ನು ನಡೆಯುತ್ತಾ ನೋಡಿ, ಬಾಗಿಲಿಂದ ಮೇಜಿಗೆ ಬರುವಷ್ಟರಲ್ಲಿ ತೀರ್ಪು ಕೊಡುತ್ತಿದ್ದ. "ಪ್ರತಿ ಸಲ ಅದೇ ಜಾಗದಲ್ಲಿ ಗೆರೆ ತಪ್ಪಿದ್ರೆ ತೂತು ಕಟ್ಟಿದೆ. ಒಂದೊಂದು ಸಲ ಒಂದೊಂದು ಕಡೆ ತಪ್ಪಿದ್ರೆ ಗಾಳಿ. ಕಳ್ಳ ಮನೆಯವನಾ ಹೊರಗಿನವನಾ ಅಂತ ಮೊದಲು ನೋಡ್ಬೇಕು, ಆಮೇಲೆ ಹಿಡಿಯೋದು." ಜನ ತಲೆದೂಗುತ್ತಿದ್ದರು.

ಆರು ತಿಂಗಳಿಂದ ಆ ಕಣ್ಣೇ ಕೈಕೊಟ್ಟಿತ್ತು. ಮೊದಲು ಹೋದದ್ದು ಹಳದಿ. ನಾಲ್ಕು ಮೆಟ್ಟಿಲ ಸಾಲಿನಲ್ಲಿ ಮೂರು ಕಾಣುತ್ತಿದ್ದವು. ನಾಲ್ಕನೆಯ ಜಾಗದಲ್ಲಿ ಹಾಳೆ ಖಾಲಿ, ಖಾಲಿ ಹಾಳೆಯೂ ಸ್ವಲ್ಪ ಮಾಸಲು. ಯಾರಿಗೂ ಹೇಳದೆ ಒಬ್ಬನೇ ಕಣ್ಣಿನ ಡಾಕ್ಟರ ಹತ್ತಿರ ಹೋದ. ಎರಡೂ ಕಣ್ಣಿಗೆ ಪೊರೆ ಎಂದರು. ಚಿಕ್ಕ ಆಪರೇಷನ್ ಎಂದರು. ಅಲ್ಲಿಯವರೆಗೆ ಸರಿಯಾಗಿಯೇ ಕೇಳಿಸಿಕೊಂಡಿದ್ದ. "ಹದಿನೈದು ನಿಮಿಷ ಮಿಸುಕದೆ ಮಲಗಬೇಕು, ಎಚ್ಚರವಾಗೇ ಇರ್ತೀರಿ" ಎಂದಾಗ ಚೀಟಿ ಜೇಬಿಗೆ ತುರುಕಿ ಎದ್ದು ಬಂದ. ಮನೆಯಲ್ಲಿ "ಕನ್ನಡಕದ ನಂಬರು ಬದಲಾಗಿದೆಯಂತೆ" ಎಂದ.

ಗಿರಾಕಿಗಳಿಗೆ ತಿಳಿದರೆ ಏನು ಗತಿ? ಕೈ ನಡುಗುವ ಕ್ಷೌರದವನ ಹತ್ತಿರ ಯಾರು ತಲೆ ಕೊಡುತ್ತಾರೆ? ಅದಕ್ಕೇ ಒಂದು ಉಪಾಯ ಕಂಡುಕೊಂಡ. ಹಳೆಯ ಫೈಲಿನಿಂದ ನೀಲಿ ಪ್ಲಾಸ್ಟಿಕ್ಕಿನ ತುಂಡೊಂದನ್ನು ಕತ್ತರಿಸಿ ಜೇಬಲ್ಲಿಟ್ಟುಕೊಂಡ. ಅದನ್ನು ಕಣ್ಣಿಗೆ ಹಿಡಿದು ನೋಡಿದರೆ ಹಳದಿ ಗೆರೆಗಳೆಲ್ಲ ಕಪ್ಪಾಗಿ ಎದ್ದು ಕಾಣುತ್ತವೆ. ಯಾರಾದರೂ ಕೇಳಿದರೆ "ಇದು ಹೊಸ ಟೆಕ್ನಿಕ್" ಎನ್ನುತ್ತಿದ್ದ. ಕೆಲವರು ತಾವೂ ಒಂದು ಕತ್ತರಿಸಿಕೊಂಡರು.

ಹೀಗೆ ದಿನ ದೂಡುತ್ತಿರುವಾಗ, ಒಂದು ಬೆಳಗ್ಗೆ ಹತ್ತು ಗಂಟೆಗೆ ಸ್ಟುಡಿಯೋದಮ್ಮನ ಫೋನು.

ಸ್ಟುಡಿಯೋದಮ್ಮ ಎಂದರೆ ಶಾಲೆಯ ಎದುರು ಬೀದಿಯಲ್ಲಿ ಫೋಟೊ ಸ್ಟುಡಿಯೋ ನಡೆಸುವ ಹೆಂಗಸು. ಜೊತೆಗೆ ಎಪ್ಪತ್ತೆಂಟರ ಅತ್ತೆ, ಗಲ್ಲಾ ಪಕ್ಕದಲ್ಲಿ ಕೂತು ಫೋಟೊ ಕತ್ತರಿಸುವುದು ಅವರ ಕೆಲಸ. ಮೂರು ದಿನದ ಹಿಂದೆ ಅವಳ ಪ್ರಿಂಟರು ಅಡ್ಡಗೆರೆ ಹಾಕುತ್ತಿದೆ ಎಂದು ಬುಗುರಿ ಹೋಗಿ, ಬಿಚ್ಚಿ, ಹೆಡ್ಡು ತೊಳೆದು, ಮುಚ್ಚಿ, ಒಂದು ಪಾಸ್‌ಪೋರ್ಟ್ ಸೈಜಿನ ಫೋಟೊ ಹೊಡೆದು ನೋಡಿ "ಬೆಣ್ಣೆ ಥರ ಬಂತು" ಎಂದು ಹೊರಟುಬಿಟ್ಟಿದ್ದ. ದೊಡ್ಡ ಫೋಟೊ ಹೊಡೆದು ನೋಡುವುದೇ ಕ್ರಮ. ಆದರೆ ದೊಡ್ಡದಕ್ಕೆ ನಾಲ್ಕು ನಿಮಿಷ ಬೇಕು. ನಾಲ್ಕು ನಿಮಿಷ ಒಂದೇ ಕಡೆ ನಿಲ್ಲುವುದು ಅವನ ಜಾತಕದಲ್ಲಿರಲಿಲ್ಲ.

"ಅಣ್ಣಾ, ಈಗಿಂದೀಗ್ಲೇ ಬನ್ನಿ. ಸ್ಕೂಲಿಂದು ಮೂವತ್ತೆಂಟು ಗ್ರೂಪ್ ಫೋಟೊ, ನಾಲ್ಕು ಗಂಟೆಗೆ ತಗೊಂಡು ಹೋಗೋಕೆ ಬರ್ತಾರೆ."

"ಏನಾಗಿದೆ?"

"ನೀವೇ ಬಂದು ನೋಡಿ."

ನೋಡುವುದೊಂದೇ ಅವನಿಗೆ ಬೇಡವಾಗಿತ್ತು.

ಹೋಗಿ ನೋಡಿದರೆ ಮೇಜಿನ ಮೇಲೆ ಶಾಲೆಯ ಫೋಟೊ. ನಾಲ್ಕು ಸಾಲು ಮಕ್ಕಳು, ಬಲತುದಿಯ ಕುರ್ಚಿಯಲ್ಲಿ ಹೆಡ್‌ಮೇಷ್ಟ್ರು.

"ಎಡಗಡೆ ಮಕ್ಕಳು ಬಿಸಿಲಲ್ಲಿ ಆಡಿ ಬಂದ ಹಾಗಿದ್ದಾರೆ. ಬಲಕ್ಕೆ ಹೋಗ್ತಾ ಹೋಗ್ತಾ ಬಾವಿಯಿಂದ ಎತ್ತಿದ ಹಾಗೆ. ಹೆಡ್‌ಮೇಷ್ಟ್ರಂತೂ..." ಸ್ಟುಡಿಯೋದಮ್ಮ ಮುಂದೆ ಹೇಳಲಿಲ್ಲ.

"ಹೆಣ," ಎಂದರು ಅತ್ತೆ, ಕತ್ತರಿಸುತ್ತಲೇ.

ಬುಗುರಿ ಫೋಟೊ ಹಿಡಿದು ಬಾಗಿಲ ಬೆಳಕಿಗೆ ಹೋದ. ಕಿಟಕಿಯ ಬೆಳಕಿಗೆ ಬಂದ. ಅವನ ಕಣ್ಣಿಗೆ ಎಲ್ಲ ಮಕ್ಕಳೂ ಒಂದೇ ತಾಯಿ ಮಕ್ಕಳಂತೆ ಕಂಡರು. ಎಲ್ಲರೂ ತುಸು ಹೊಗೆಯಲ್ಲಿ ನಿಂತವರು, ಅಷ್ಟೆ.

"ಹೂಂ. ಸ್ವಲ್ಪ ಇದೆ," ಎಂದ.

"ಸ್ವಲ್ಪಾನಾ?"

"ಪೇಪರ್ ಬದಲಾಯಿಸಿದ್ರಾ?"

"ಅದೇ ಪೇಪರು."

"ಕಂಪ್ಯೂಟರಲ್ಲಿ ಬಣ್ಣ ಏನಾದ್ರೂ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಟಲಿ?"

"ಟ್ಯೂಬ್‌ಲೈಟು ಹೊಸದಾ?"

"ಅಣ್ಣಾ, ಟ್ಯೂಬ್‌ಲೈಟು ಹೊಸದಾದ್ರೆ ಹೆಡ್‌ಮೇಷ್ಟ್ರೊಬ್ಬರೇ ಸಾಯ್ತಾರಾ?"

ಬುಗುರಿ ಹೆಡ್ ಕ್ಲೀನಿಂಗ್ ಗುಂಡಿ ಒತ್ತಿದ. ಯಂತ್ರ ಗುರುಗುಟ್ಟಿ, ಉಗುಳಿ, ಸುಮ್ಮನಾಯಿತು. ಮತ್ತೆ ಒತ್ತಿದ. ನಡುವೆ ಬಾಗಿಲಿಗೆ ಹೋಗಿ ಬಂದ, ನೀರು ಕುಡಿದ, ಗೋಡೆಯ ಮೇಲಿನ ಫೋಟೊಗಳನ್ನೆಲ್ಲ ನೇರ ಮಾಡಿ ವಾಪಸು ಬಂದು ಮೂರನೇ ಸಲ ಒತ್ತಿದ. ಬೇರೆಯವರು ಹೀಗೆ ಒತ್ತಿದರೆ "ಅದೇನು ಲಿಫ್ಟಿನ ಗುಂಡೀನಾ?" ಎಂದು ಬೈಯುವವನು ಅವನೇ. ಮತ್ತೆ ಹೊಡೆದ ದೊಡ್ಡ ಫೋಟೊದಲ್ಲಿ ಹೆಡ್‌ಮೇಷ್ಟ್ರು ಇನ್ನಷ್ಟು ತಣ್ಣಗಾಗಿದ್ದಾರೆಂದು ಅತ್ತೆ ಸೊಸೆ ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಆ ಮನೆಯಲ್ಲಿ ಅವರಿಬ್ಬರೂ ಒಂದೇ ಮಾತಾಡುವುದು ಅಪರೂಪವಂತೆ.

ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ಪರೀಕ್ಷೆ ಹಾಳೆ ಹೊಡೆದು ಜೇಬಿಗೆ ಕೈ ಹಾಕಿದ. ನೀಲಿ ಪ್ಲಾಸ್ಟಿಕ್ ಇಲ್ಲ. ಇನ್ನೊಂದು ಜೇಬು. ಪ್ಯಾಂಟಿನ ಜೇಬು. ಚೀಲದ ಸ್ಕ್ರೂಡ್ರೈವರು, ಸಿರಿಂಜು, ಹತ್ತಿ, ಬಟ್ಟೆ ಎಲ್ಲ ಮೇಜಿನ ಮೇಲೆ ಬಂದವು. ಅದೊಂದು ಬರಲಿಲ್ಲ. ನಿನ್ನೆಯ ಅಂಗಿಯಲ್ಲಿ ಉಳಿದಿತ್ತು.

"ಏನು ಹುಡುಕ್ತಿದೀಯಪ್ಪಾ?" ಅತ್ತೆ ಕೇಳಿದರು.

"ಏನಿಲ್ಲಮ್ಮ, ಒಂದು ಟೂಲು."

ಅತ್ತೆ ಕತ್ತರಿ ಕೆಳಗಿಟ್ಟರು. ಫೋಟೊ ಎತ್ತಿ ಅವನ ಮುಂದೆ ಹಿಡಿದರು. "ಇಲ್ಲಿ ನೋಡು. ಯಾವ ಹುಡುಗನಿಂದ ನೀಲಿ ಶುರುವಾಗುತ್ತೆ? ಬೆರಳಿಟ್ಟು ತೋರಿಸು."

ಇದು ಪರೀಕ್ಷೆ ಎಂದು ಬುಗುರಿಗೆ ಗೊತ್ತಾಯಿತು. ಶಾಲೆಯಲ್ಲಿ ಮಾಡುತ್ತಿದ್ದಂತೆಯೇ ಧೈರ್ಯವಾಗಿ ಒಂದು ಕಡೆ ಬೆರಳಿಟ್ಟ.

"ಅದು ಟೀಚರು," ಎಂದರು ಅತ್ತೆ. "ಆ ನೀಲಿ ಮಸಿಯದ್ದಲ್ಲ, ಅವರ ಸ್ವೆಟರಿಂದು."

ಸ್ಟುಡಿಯೋದಮ್ಮ ನಗು ತಡೆಯಲು ಕೆಮ್ಮಿದಳು. ಅದೇ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಆ ಫೋನು ಎಷ್ಟು ಹಳೆಯದೆಂದರೆ ಕಿವಿಗೆ ಹಿಡಿದರೂ ಇಡೀ ಅಂಗಡಿಗೆ ಕೇಳಿಸುತ್ತದೆ.

"ರೀ, ಬಟ್ಟೆ ನೆನೆಹಾಕೋವಾಗ ನಿಮ್ಮ ನೀಲಿ ಪ್ಲಾಸ್ಟಿಕ್ಕು ಸಿಕ್ತು. ಎಲ್ಲಿದೀರಿ? ತಂದುಕೊಡಲಾ?"

"ಬೇಡ ಬೇಡ, ಆಮೇಲೆ ಮಾತಾಡ್ತೀನಿ."

"ಇದಿಲ್ದೆ ಹಳದಿ ಹೇಗೆ ಕಾಣುತ್ತೆ ನಿಮಗೆ?"

ಅತ್ತೆ ಸೊಸೆ ಇಬ್ಬರೂ ಅವನ ಕಡೆ ತಿರುಗಿದರು.

"ನಿಂಗೆ ಯಾರು ಹೇಳಿದ್ದು?" ಎಂದ ಬುಗುರಿ ಸಣ್ಣ ದನಿಯಲ್ಲಿ.

"ಡಾಕ್ಟರ ಚೀಟೀನೂ ಒಂದ್ಸಲ ಹೀಗೇ ಸಿಕ್ಕಿತ್ತು. ಬಟ್ಟೆ ಒಗೆಯೋಳ ಹತ್ತಿರ ಗುಟ್ಟು ಇಟ್ಕೋತಾರೇನ್ರೀ?"

ಫೋನು ಇಟ್ಟ. ಇಷ್ಟು ದಿನ ಕಾಪಾಡಿಕೊಂಡ ಮಾನ ಪರೀಕ್ಷೆ ಹಾಳೆಯ ಮೇಲೆ ಬಿದ್ದಿತ್ತು. ಚೀಲಕ್ಕೆ ಸಾಮಾನು ತುಂಬತೊಡಗಿದ. ಸ್ಕ್ರೂಡ್ರೈವರು ತಲೆಕೆಳಗಾಗಿ ಹೋಯಿತು. "ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ ತಾಯಿ. ಮೂರು ದಿನದ ಹಿಂದೇನೂ ನನಗೆ ಏನೂ ಕಂಡಿರಲಿಲ್ಲ. ಬೆಣ್ಣೆ ಥರ ಅಂತ ಹೇಳಿಬಿಟ್ಟೆ."

"ಈಗ ಯಾರನ್ನ ಕರೆಯಲಿ? ನಾಲ್ಕು ಗಂಟೆಗೆ ಸ್ಕೂಲಿನೋರು ಬಾಗಿಲಲ್ಲಿ ನಿಲ್ತಾರೆ!" ಸ್ಟುಡಿಯೋದಮ್ಮನಿಗೆ ಈಗ ಕೆಮ್ಮು ಬರಲಿಲ್ಲ.

"ಕೂತ್ಕೋ," ಎಂದರು ಅತ್ತೆ.

"ಕೂತು ನನಗೆ ಅಭ್ಯಾಸ ಇಲ್ಲಮ್ಮ."

"ಹಾಗಾದ್ರೆ ನಿಂತ್ಕೋ, ಆದ್ರೆ ಬಾಗಿಲ ಕಡೆ ಮುಖ ಮಾಡ್ಬೇಡ. ಕೈ ಸರಿಯಾಗಿದೆ ತಾನೆ? ಕಣ್ಣು ನಂದು ತಗೋ. ಹೋದ ವರ್ಷ ತಾನೇ ಪೊರೆ ತೆಗೆಸಿ ಎರಡಕ್ಕೂ ಹೊಸದು ಹಾಕಿಸಿದೀನಿ. ಏನು ನೋಡ್ಬೇಕು ಹೇಳು."

ಬುಗುರಿ ಅನುಮಾನದಿಂದಲೇ ಪರೀಕ್ಷೆ ಹಾಳೆ ಅವರ ಮುಂದಿಟ್ಟ. ಅತ್ತೆ ಉಗುರಿಂದ ಒಂದೊಂದೇ ಮೆಟ್ಟಿಲು ಎಣಿಸಿದರು. ಹಳದಿಯಲ್ಲಿ ಮೂರನೆಯದು ಇಲ್ಲ, ಆರನೆಯದು ಇಲ್ಲ. ಇನ್ನೊಂದು ದೊಡ್ಡ ಫೋಟೊ ಹೊಡೆದು, ಮತ್ತೆ ಪರೀಕ್ಷೆ ಹಾಳೆ ತೆಗೆದ. ಈಗ ಮೂರನೆಯದೂ ಆರನೆಯದೂ ಬಂದಿವೆ. ಎರಡು, ಐದು, ಎಂಟು ಹೋಗಿವೆ.

"ಜಾಗ ಬದಲಾಯಿಸ್ತಿದೆ!" ಬುಗುರಿಯ ಕಾಲು ತಾನಾಗಿಯೇ ಕುಣಿಯಿತು. "ತೂತು ಕಟ್ಟಿಲ್ಲ ಹಾಗಾದ್ರೆ. ಹಳದಿ ಹೊರಡುತ್ತೆ, ದಾರೀಲಿ ಸಾಲದಾಗುತ್ತೆ. ಹಾಳೆಯ ಎಡತುದಿ ಮೊದಲು ಒಳಗೆ ಹೋಗೋದು, ಫೋಟೊ ಅಲ್ಲಿಂದ ಶುರುವಾಗೋದು, ಅದಕ್ಕೇ ಬಲಕ್ಕೆ ಹೋಗ್ತಾ ಹೋಗ್ತಾ ಬತ್ತುತ್ತೆ. ಚಿಕ್ಕ ಫೋಟೊ ಅಷ್ಟರಲ್ಲಿ ಮುಗಿದೇ ಹೋಗಿರುತ್ತೆ." ಕೊನೆಯ ವಾಕ್ಯ ಹೇಳುವಾಗ ದನಿ ಇಳಿಯಿತು.

ಪಕ್ಕದ ಮುಚ್ಚಳ ತೆಗೆದ. ಮಸಿಯ ತೊಟ್ಟಿಯಿಂದ ಹೆಡ್ಡಿಗೆ ಹೋಗುವ ನಾಲ್ಕು ತೆಳು ಕೊಳವೆಗಳು ಒಂದು ಕ್ಲಿಪ್ಪಿನಡಿ ಸಾಲಾಗಿ ಮಲಗಿರಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದ. ಒಂದು, ಎರಡು, ಮೂರು ನುಣ್ಣಗೆ ಜಾರಿದವು. ನಾಲ್ಕನೆಯದಕ್ಕೆ ಬೆರಳು ತಡೆಯಿತು.

"ನಾಯಿ ಕಾಲಿನ ಹಾಗೆ ಮಡಚಿಕೊಂಡಿದೆ," ಎಂದರು ಅತ್ತೆ ಬಗ್ಗಿ ನೋಡಿ. "ಯಾರೋ ಅವಸರದಲ್ಲಿ ತುರುಕಿದ್ದಾರೆ."

ಯಾರೋ ಯಾರೆಂದು ಮೂವರಿಗೂ ಗೊತ್ತಿತ್ತು. ಸ್ಟುಡಿಯೋದಮ್ಮ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಕಣ್ಣಲ್ಲೇ ಗದರಿದರು. ಹೊಸ ಕಣ್ಣು, ಚೆನ್ನಾಗಿ ಗದರುತ್ತಿತ್ತು.

ಕೊಳವೆ ನೇರ ಮಾಡಿ, ಸಿರಿಂಜಿನಿಂದ ಮೆಲ್ಲಗೆ ಮಸಿಯನ್ನೂ ಒಳಹೊಕ್ಕ ಗಾಳಿಯನ್ನೂ ಎಳೆದು, ಮುಚ್ಚಳ ಹಾಕುವಾಗ ಗಂಟೆ ಒಂದಾಗಲು ಐದು ನಿಮಿಷ. ಮೂವತ್ತೆಂಟು ಪ್ರತಿ, ಒಂದಕ್ಕೆ ನಾಲ್ಕು ನಿಮಿಷ. ಒಂದೂ ಇಪ್ಪತ್ತೈದಕ್ಕೆ ಶುರುವಾದರೆ ನಾಲ್ಕಕ್ಕೆ ಸರಿಯಾಗಿ ಮುಗಿಯುತ್ತದೆ.

"ಈಗಲೇ ಹೊಡೆದುಬಿಡೋಣ," ಎಂದ ಬುಗುರಿಯ ಬೆರಳು ಗುಂಡಿಯ ಮೇಲೆ.

"ಅಣ್ಣಾ, ಗಾಳಿ ಹೊಕ್ಕಿದ್ರೆ ಅರ್ಧ ಗಂಟೆ ಮುಟ್ಟಬಾರದು ಅಂತ ನೀವೇ ಅಲ್ವಾ ನನಗೆ ಹೇಳಿಕೊಟ್ಟಿದ್ದು?"

"ಹೇಳಿದ್ದೆ."

"ನಿಜಾನಾ ಸುಳ್ಳಾ?"

"ನಿಜ." ಬೆರಳು ಗುಂಡಿಯಿಂದ ಎದ್ದಿತು, ಬಹಳ ಕಷ್ಟದಿಂದ.

ಆ ಅರ್ಧ ಗಂಟೆ ಬುಗುರಿ ಪಟ್ಟ ಪಾಡು ನೋಡಬೇಕಿತ್ತು. ಅಂಗಡಿಯ ಉದ್ದ ಹನ್ನೊಂದು ಹೆಜ್ಜೆ, ಅಗಲ ಏಳು ಎಂದು ಅಳೆದ. ಸ್ಟ್ಯಾಂಡಿನ ಕೊಡೆದೀಪ ಬಿಚ್ಚಿ ಮಡಚಿದ. ಕ್ಯಾಮೆರಾದ ಮುಚ್ಚಳ ಒರೆಸಿದ.

"ಆಪರೇಷನ್ ಯಾಕೆ ಮಾಡಿಸ್ಕೊಂಡಿಲ್ಲ? ಭಯಾನಾ?" ಅತ್ತೆ ಕೇಳಿದರು.

"ಚಾಕು ಅಂದ್ರೆ ಭಯ ಇಲ್ಲಮ್ಮ. ಹದಿನೈದು ನಿಮಿಷ ಮಿಸುಕಬಾರದಂತೆ. ನಾನು ನಿದ್ದೇಲೂ ಮಂಚದ ಈ ತುದಿಯಿಂದ ಆ ತುದಿಗೆ ಪ್ರಯಾಣ ಮಾಡೋನು. ಡಾಕ್ಟರು ಕಣ್ಣಿಗೆ ಕೈ ಹಾಕಿದಾಗ ಎದ್ದು ಹೊರಟುಬಿಟ್ರೆ? ಇರೋ ಕಣ್ಣೂ ಹೋಗುತ್ತೆ." ನಗಲು ನೋಡಿದ, ಆಗಲಿಲ್ಲ. "ಅದು ಹೋದ್ರೆ ನನ್ನ ಕೈಗೆ ಯಾರು ಕೆಲಸ ಕೊಡ್ತಾರೆ?"

ಅತ್ತೆ ಸಮಾಧಾನ ಹೇಳುವ ಜಾತಿಯಲ್ಲ. "ನಾನು ಕಟ್ಟು ಬಿಚ್ಚಿಸ್ಕೊಂಡು ಮನೆಗೆ ಬಂದೆ. ಹತ್ತು ವರ್ಷದಿಂದ ಕೆನೆ ಬಣ್ಣ ಅಂದ್ಕೊಂಡಿದ್ದ ಗೋಡೆ, ನೋಡಿದ್ರೆ ಬಿಳಿ. ಸೊಸೆ ಬಾಗಿಲಲ್ಲಿ ನಿಂತಿದ್ಲು. ಅಯ್ಯೋ ನಿಂಗೆ ಇಷ್ಟು ವಯಸ್ಸಾಯ್ತಾ ಅಂದೆ."

"ಎರಡು ದಿನ ಮಾತಾಡಿರಲಿಲ್ಲ ನಾನು," ಎಂದಳು ಸೊಸೆ.

"ಅದೇ ಆಪರೇಷನ್ನಿನ ದೊಡ್ಡ ಲಾಭ."

ಸ್ಟುಡಿಯೋದಮ್ಮ ಒಳಕೋಣೆಯ ಪರದೆ ಸರಿಸಿದಳು. ಬಿಳಿ ಗೋಡೆಯ ಮುಂದೆ ಉದ್ದನೆಯ ಬೆಂಚು. "ಬನ್ನಿ ಅಣ್ಣಾ, ಮಲಗಿ. ಮಿಸುಕದ ಹಾಗೆ ಕೂರಿಸೋದೇ ನನ್ನ ಕಸುಬು. ಮೂರು ತಿಂಗಳ ಕೂಸಿನ ಪಾಸ್‌ಪೋರ್ಟ್ ಫೋಟೊ ತೆಗೆದಿದೀನಿ, ನೀವು ಯಾವ ಲೆಕ್ಕ?"

ಮಲಗಿದ. ಒಂದು ನಿಮಿಷಕ್ಕೆ ಮೂಗು ತುರಿಸಿತು. ಮತ್ತೆ ಮಲಗಿದ. ಎರಡು ನಿಮಿಷಕ್ಕೆ ಹಿಮ್ಮಡಿ. ಮೂರನೇ ಸಲ ಏನೂ ತುರಿಸಲಿಲ್ಲ. ಯಾಕೆ ತುರಿಸಲಿಲ್ಲ ಎಂದು ಎದ್ದು ಕೂತ.

"ಕೂಸೇ ವಾಸಿ," ಎಂದಳು ಸ್ಟುಡಿಯೋದಮ್ಮ.

ಒಂದೂ ಇಪ್ಪತ್ತೈದು. ಅವನು ಬೆಂಚಿನ ಮೇಲಿರುವಾಗಲೇ ಅವಳು ಹೊರಗೆ ಗುಂಡಿ ಒತ್ತಿದಳು. ಏಳಲು ಹೊರಟ ಬುಗುರಿ ಅರ್ಧಕ್ಕೆ ನಿಂತ. ಪರದೆಯಾಚೆಯಿಂದ ಹೆಡ್ಡನ್ನು ಹೊತ್ತು ಓಡಾಡುವ ಗಾಡಿ ಹೊರಟ ಸದ್ದು: ಜುಯ್ಯ್ ಅಂತ ಆಚೆ, ಕಟಕ್, ಜುಯ್ಯ್ ಅಂತ ಈಚೆ. ಅದರಲ್ಲಿ ತೊಡಕಿದೆಯೇ ಎಂದು ಕೇಳಲು ಮೆಲ್ಲಗೆ ಮತ್ತೆ ತಲೆಯಿಟ್ಟ. ಕಣ್ಣು ಮುಚ್ಚಿದ. ಆಚೆ ಹೋದಾಗ ಅದರ ಜೊತೆ ಹೋದ, ಈಚೆ ಬಂದಾಗ ಬಂದ. ಅವನ ಬದಲು ಓಡಾಡಲು ಒಂದು ಗಾಡಿ ಸಿಕ್ಕಿತ್ತು. ಎಡತುದಿಯ ಮಕ್ಕಳು ಮುಗಿದಿರಬೇಕು, ಈಗ ಟೀಚರ ಸ್ವೆಟರು, ಈಗ ಹೆಡ್‌ಮೇಷ್ಟ್ರ ಕುರ್ಚಿ. ಹಾಳೆ ಹೊರಬಿದ್ದ ಸದ್ದಾಯಿತು.

"ಒಂದು," ಎಂದರು ಅತ್ತೆ ಆಚೆಯಿಂದ. "ಹೆಡ್‌ಮೇಷ್ಟ್ರಿಗೆ ಜೀವ ಬಂದಿದೆ."

"ನಿಜವಾಗ್ಲೂ? ಕೆನ್ನೆ ನೋಡಿ."

"ಕೆನ್ನೇನೇ ಹೇಳ್ತಿರೋದು. ಕೆಂಪಗಿದೆ. ಸುಮ್ನೆ ಮಲಗು."

ತಾನು ನೋಡದ ಪ್ರಿಂಟನ್ನು ಸರಿಯಿದೆ ಎಂದು ಒಪ್ಪಿಕೊಂಡದ್ದು ಬುಗುರಿಯ ಜನ್ಮದಲ್ಲಿ ಅದೇ ಮೊದಲು. ಕಾಲಿನ ಹೆಬ್ಬೆರಳು ಓಡಬೇಕೆಂದು ಹಟ ಹಿಡಿದಿತ್ತು. ಆದರೆ ಗಾಡಿ ಮತ್ತೆ ಹೊರಟಿತ್ತು, ಅದರ ಜೊತೆ ಹೋಗಲೇಬೇಕಲ್ಲ.

"ಎರಡು."

"ಮೂರು. ಎಲ್ಲರಿಗೂ ಒಂದೇ ಬಣ್ಣ."

ನಾಲ್ಕನೆಯದರ ನಡುವೆ ಹುಬ್ಬಿನ ಮೇಲೆ ನೊಣ ಕೂತಿತು. ಹುಬ್ಬಿನ ಈ ತುದಿಯಿಂದ ಆ ತುದಿಗೆ ಅದೂ ಓಡಾಡಿತು. ಬುಗುರಿ ಹಲ್ಲು ಕಚ್ಚಿದ.

"ನಾಲ್ಕು!" ಸ್ಟುಡಿಯೋದಮ್ಮ ಪರದೆ ಸರಿಸಿ ಗಡಿಯಾರ ತೋರಿಸಿದಳು. "ಹದಿನಾರು ನಿಮಿಷ ಅಣ್ಣಾ! ಡಾಕ್ಟರಿಗೆ ಒಂದು ನಿಮಿಷ ವಾಪಸು ಕೊಡಬಹುದು."

ಬುಗುರಿ ಎದ್ದು ನೊಣಕ್ಕೊಂದು ಏಟು ಕೊಟ್ಟ, ತಾಗಿದ್ದು ತನ್ನ ಹಣೆಗೆ. ಫೋನು ತೆಗೆದು ಅಂಗಡಿಯ ಉದ್ದಗಲ ನಡೆಯುತ್ತಾ ಹೆಂಡತಿಗೆ ಹಚ್ಚಿದ.

"ಲೇ, ಆ ಡಾಕ್ಟರ ಹತ್ತಿರ ಯಾವತ್ತು ಬರಬೇಕು ಅಂತ ಕೇಳ್ತೀಯಾ?"

"ನಾಳೆ ಬೆಳಗ್ಗೆ ಒಂಬತ್ತಕ್ಕೆ."

"ಅಷ್ಟು ಬೇಗ ಕೇಳಿಬಿಟ್ಯಾ?"

"ಎರಡು ತಿಂಗಳ ಹಿಂದೇನೇ ಬರೆಸಿದ್ದೆ ರೀ. ಪ್ರತಿ ವಾರ ಫೋನ್ ಮಾಡಿ ಮುಂದಕ್ಕೆ ಹಾಕಿಸ್ತಾ ಇದ್ದೆ. ಅಲ್ಲಿನ ಹುಡುಗಿಗೆ ನನ್ನ ದನಿ ಬಾಯಿಪಾಠ ಆಗಿದೆ. ಇವತ್ತೂ ಫೋನ್ ಮಾಡಿ ಮುಂದಕ್ಕೆ ಹಾಕಿ ಅನ್ಲಾ, ಬೇಡ್ವಾ?"

ಬುಗುರಿ ಗೋಡೆಯವರೆಗೆ ಹೋದ, ತಿರುಗಿದ, ಬಂದ. ಪ್ರಿಂಟರಿನ ಗಾಡಿ ಐದನೆಯ ಫೋಟೊ ಎಳೆಯುತ್ತಿತ್ತು.

"ಅನ್ಬೇಡ," ಎಂದ. "ಆದ್ರೆ ನೀನೂ ಬಾ. ಬಾಗಿಲ ಹತ್ತಿರ ನಿಂತ್ಕೋ."